ಗಂಡಭೇರುಂಡ ಬರೀ ಡಿಸೈನ್ ಅಲ್ಲ ಸ್ವಾಮಿ

ನಮಸ್ಕಾರ, ಹಾಸನದಿಂದ ಮಾತಾಡುತ್ತಿದ್ದೇನೆ. ಇವತ್ತು ಸ್ವಲ್ಪ ಜೋರಾಗಿಯೇ ಮಾತಾಡುತ್ತೇನೆ. ಇಯರ್‌ಫೋನ್ ಹಾಕಿಕೊಂಡವರು ವಾಲ್ಯೂಮ್ ಕಡಿಮೆ ಮಾಡಿಕೊಳ್ಳಿ.

ಹೋದ ವಿಡಿಯೋದಲ್ಲಿ ಒಂದು ಸ್ಮಾರಕ ಫಲಕ ತೋರಿಸಿದ್ದೆ, ನೆನಪಿದೆಯಾ? ಊರಿನ ಹೆಸರು ಬೇಡ. ತೀರಿಕೊಂಡ ಸೈನಿಕರೊಬ್ಬರ ನೆನಪಿಗೆ ಊರಿನವರೇ ಚಂದಾ ಎತ್ತಿ ಹಾಕಿಸಿದ ಕರಿ ಗ್ರಾನೈಟ್. ಅರ್ಧ ಕಲ್ಲು ರಾಜ್ಯದ ಲಾಂಛನವೇ ಇದೆ, ಅದೇ ಎರಡು ತಲೆಯ ಹಕ್ಕಿ ಗಂಡಭೇರುಂಡ ಇರುವುದು. ಅದರ ಕೆಳಗೆ ಚಂದಾ ಕೊಟ್ಟವರ ಪಟ್ಟಿ. ಅದರ ಕೆಳಗೆ, ಮಂಡಿಯೂರಿ ಓದಬೇಕಾದ ಅಕ್ಷರದಲ್ಲಿ, ಸೈನಿಕನ ಹೆಸರು. ಅದಕ್ಕೆ ಒಬ್ಬರು ಕಾಮೆಂಟ್ ಹಾಕಿದ್ದಾರೆ: ‘ಅಣ್ಣಾ, ಅದು ಬರೀ ಡಿಸೈನ್. ಚೆನ್ನಾಗಿ ಕಾಣಲಿ ಅಂತ ಹಾಕಿರ್ತಾರೆ. ಸುಮ್ನೆ ತಲೆ ಕೆಡಿಸ್ಕೋಬೇಡಿ.’ ಅದಕ್ಕೆ ನೂರಾರು ಲೈಕು! ನನ್ನ ವಿಡಿಯೋಗೆ ಅಷ್ಟು ಲೈಕ್ ಬಂದಿಲ್ಲ. ಇರಲಿ, ಇವತ್ತಾದರೂ ಒತ್ತಿ.

ಡಿಸೈನ್ ಅಂತೆ. ಸ್ವಾಮಿ, ಲಾಂಛನ ಅಂದರೆ ಸಹಿ. ಇದನ್ನು ಮಾಡಿಸಿದ್ದು ಯಾರು, ಇದಕ್ಕೆ ಜವಾಬ್ದಾರಿ ಯಾರದ್ದು ಅಂತ ಅದು ಹೇಳುತ್ತದೆ. ಕೆಎಸ್ಸಾರ್ಟಿಸಿ ಬಸ್ಸಿನ ಮೇಲೆ ಗಂಡಭೇರುಂಡ ಇದೆ. ಅದನ್ನು ನೋಡಿ ‘ಆಹಾ, ಎಂಥಾ ಡಿಸೈನು’ ಅಂತ ಯಾರಾದರೂ ಹತ್ತುತ್ತಾರಾ? ಸರ್ಕಾರಿ ಬಸ್ಸು ಅಂತ ಹತ್ತುತ್ತಾರೆ. ಅಷ್ಟೇ ವಿಷಯ. ಇಲ್ಲಿಗೇ ವಿಡಿಯೋ ಮುಗಿಸಬಹುದಿತ್ತು. ಆದರೆ ಮುಗಿಸೋದಿಲ್ಲ, ಕೋಪ ಇನ್ನೂ ಇಳಿದಿಲ್ಲ.

ನಮ್ಮ ಲಾಂಛನದಲ್ಲಿ ಏನೇನಿದೆ ಅಂತ ಯಾವತ್ತಾದರೂ ನಿಂತು ನೋಡಿದ್ದೀರಾ? ಕೆಂಪು ಗುರಾಣಿಯ ಮೇಲೆ ಬಿಳಿ ಗಂಡಭೇರುಂಡ. ಎರಡು ತಲೆ, ಒಂದು ಆ ಕಡೆ, ಒಂದು ಈ ಕಡೆ. ಅಕ್ಕಪಕ್ಕ ಸಿಂಹದ ಮೈ, ಆನೆಯ ತಲೆ ಇರುವ ಪ್ರಾಣಿಗಳು. ಬಲವೂ ಇರಲಿ, ಬುದ್ಧಿಯೂ ಇರಲಿ ಅಂತ. ಮೇಲೆ ಅಶೋಕ ಸ್ತಂಭದ ಸಿಂಹಗಳು, ಕೆಳಗೆ ‘ಸತ್ಯಮೇವ ಜಯತೇ’. ಗಂಡಭೇರುಂಡ ಮೈಸೂರು ಅರಸರ ಲಾಂಛನದಿಂದ ಬಂದದ್ದು. ಅದಕ್ಕಿಂತ ಎಷ್ಟೋ ಮೊದಲು, 1047ರಲ್ಲೇ, ಶಿಕಾರಿಪುರದ ಬಳ್ಳಿಗಾವಿಯಲ್ಲಿ ಕಂಬದ ಮೇಲೆ ನಿಂತಿದೆ. ಅಲ್ಲಿ ಮನುಷ್ಯನ ಮೈಗೆ ಎರಡು ಹಕ್ಕಿ ತಲೆ. ವಿಜಯನಗರದ ಅಚ್ಯುತರಾಯನ ನಾಣ್ಯದ ಮೇಲೂ ಇದೆ. ನಾಣ್ಯ ಅಂದರೇನು? ಅದೂ ಸಹಿ ಹಾಕಿದ ಲೋಹವೇ ಅಲ್ವಾ?

ಈಗ ಆ ಫಲಕಕ್ಕೆ ಬನ್ನಿ. ಇಂಟರ್ನೆಟ್‌ನಿಂದ ಇಳಿಸಿ ಕೆತ್ತಿದ್ದಾರೆ. ಗಂಡಭೇರುಂಡದ ಎರಡೂ ತಲೆ ಒಳಗಡೆ ತಿರುಗಿ ಒಂದನ್ನೊಂದು ಗುರಾಯಿಸುತ್ತಿವೆ. ಆನೆಗಳಿಗೆ ಸೊಂಡಿಲೇ ಇಲ್ಲ. ‘ಸತ್ಯಮೇವ ಜಯತೇ’ಗೆ ಜಾಗ ಸಾಲದೆ ಕೈಬಿಟ್ಟಿದ್ದಾರೆ. ಸತ್ಯಕ್ಕೆ ಜಾಗ ಸಾಲಲಿಲ್ಲ, ಚಂದಾ ಪಟ್ಟಿಗೆ ಸಾಕಾಯಿತು! ಒಟ್ಟಿನಲ್ಲಿ ಸಂತೆಯಲ್ಲಿ ಕಾಲು ಕಟ್ಟಿ ತೂಗುಹಾಕಿದ ನಾಟಿ ಕೋಳಿಯ ಹಾಗಿದೆ. ಮತ್ತೆ, ಆ ಸಿಂಹಗಳನ್ನು ಯಾರು ಬೇಕಾದರೂ ಹಾಕುವ ಹಾಗಿಲ್ಲ. 2005ರ ಕಾನೂನಿದೆ. ಎರಡು ವರ್ಷದವರೆಗೆ ಜೈಲು, ಅಥವಾ ಐದು ಸಾವಿರದವರೆಗೆ ದಂಡ, ಅಥವಾ ಎರಡೂ. ಊರಿನವರನ್ನು ಜೈಲಿಗೆ ಹಾಕಿ ಅನ್ನುತ್ತಿಲ್ಲ ನಾನು. ಬೇರೆಯವರ ಸಹಿ ಹಾಕಬೇಡಿ ಅನ್ನುತ್ತಿದ್ದೇನೆ. ಸಹಿ!

ಇನ್ನೊಬ್ಬರು ಬುದ್ಧಿವಂತರು: ‘ಬೇಲೂರಿನಲ್ಲೂ ಗಂಡಭೇರುಂಡ ಇದೆಯಲ್ಲ, ಹಾಗಾದರೆ ಅದು ಹಾಸನದ್ದೇ.’ ಇದೆ, ಹೌದು. ಆನೆಯನ್ನು ಸಿಂಹ, ಸಿಂಹವನ್ನು ಶರಭ ಅನ್ನೋ ಪುರಾಣದ ಪ್ರಾಣಿ, ಶರಭವನ್ನು ಗಂಡಭೇರುಂಡ ಹಿಡಿಯುವ ಶಿಲ್ಪವನ್ನು ಗೈಡ್‌ಗಳು ತೋರಿಸುತ್ತಾರೆ. ಅದು ಕಥೆ ರೀ. ಹೊಯ್ಸಳರ ಲಾಂಛನ ಬೇಕೆಂದರೆ ಅದೇ ಗುಡಿಯ ಬಾಗಿಲ ಎರಡೂ ಕಡೆ ನೋಡಿ, ಆ ವಂಶದ ಮೂಲಪುರುಷ ಸಳ ಸಿಂಹವನ್ನು ಇರಿಯುತ್ತಿದ್ದಾನೆ. ಆ ಕಥೆ ನಡೆದದ್ದು ಮೂಡಿಗೆರೆ ತಾಲೂಕಿನ ಅಂಗಡಿಯಲ್ಲಿ ಅಂತಾರೆ. ಚಿಕ್ಕಮಗಳೂರಿನವರು ಈಗ ಕಾಮೆಂಟಿನಲ್ಲಿ ಕುಣಿಯಬಹುದು. ಸಳನನ್ನು ಬಾಗಿಲಲ್ಲಿ ನಿಲ್ಲಿಸಿದ್ದು ಯಾಕೆ? ಇದು ನಮ್ಮದು ಅಂತ ಹೇಳೋದಕ್ಕೆ. ಸಹಿ!

ಅಂದಹಾಗೆ, ನಮ್ಮ ಚಾನೆಲ್‌ನ ಕಾಫಿ ಮಗ್ ಮೇಲೂ ಸಳ ಇದ್ದಾನೆ. ಲಿಂಕ್ ಕೆಳಗಿದೆ. ‘ಹಾಗಾದರೆ ನೀವು ಹೊಯ್ಸಳರ ಸಹಿ ಫೋರ್ಜರಿ ಮಾಡಿದ್ದೀರಾ’ ಅಂತ ಕೇಳಬೇಡಿ. ಅದು ಬೇರೆ ವಿಷಯ. ಮಗ್ ಸ್ಮಾರಕ ಅಲ್ಲ.

ಈಗ ನಿಜವಾದ ಮಾತಿಗೆ ಬರುತ್ತೇನೆ. ನಮ್ಮ ಕಡೆ ಯಾವ ಹಳ್ಳಿಗೆ ಹೋದರೂ ಕೆರೆ ಏರಿ ಮೇಲೆ, ಗುಡಿ ಪಕ್ಕ ಒಂದು ವೀರಗಲ್ಲು ಸಿಗುತ್ತದೆ. ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗೆ ಯುದ್ಧ. ನಡುವೆ ಸತ್ತವನನ್ನು ಅಪ್ಸರೆಯರು ಕರೆದೊಯ್ಯುತ್ತಿದ್ದಾರೆ. ಮೇಲೆ ಅವನು ಲಿಂಗದ ಎದುರು ಕೂತಿದ್ದಾನೆ, ತಲೆಯ ಮೇಲೆ ಸೂರ್ಯ ಚಂದ್ರ. ಅವು ಇರುವವರೆಗೂ ಇವನ ಹೆಸರು ಇರಲಿ ಅಂತ. ಅಕ್ಷರ ಬಾರದವನಿಗೂ ಗೊತ್ತಾಗುತ್ತದೆ. ರಾಜನ ಹೆಸರು ಎಲ್ಲಿರುತ್ತದೆ? ಬರಹದಲ್ಲಿ, ಇಂಥವನು ಆಳುತ್ತಿದ್ದಾಗ ಅಂತ. ಕಲ್ಲಿನ ನೆತ್ತಿ ಸತ್ತವನದ್ದು.

ಹಳೇಬೀಡಿಗೆ ಹೋದಾಗ ಹೊಯ್ಸಳೇಶ್ವರ ಗುಡಿ ನೋಡಿ ಸೀದಾ ಬಸ್ ಹತ್ತಬೇಡಿ. ಅಲ್ಲೇ ಕುವರ ಲಕ್ಷ್ಮನ ಕಂಬ ಇದೆ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಗರುಡ ಅವನು, ಅಂದರೆ ದೊರೆಗಾಗಿ ಪ್ರಾಣ ಕೊಡುವ ಅಂಗರಕ್ಷಕ. ದೊರೆ ಸತ್ತರೆ ನಾನೂ ಬದುಕುವುದಿಲ್ಲ ಅಂತ ಪಣ ತೊಟ್ಟವನು, ಹಾಗೇ ಮಾಡಿದ. ಕಂಬದ ಮೇಲೆ ಕತ್ತಿ ಹಿಡಿದು ತಮ್ಮ ತಲೆ ತಾವೇ ಕತ್ತರಿಸಿಕೊಳ್ಳುವವರನ್ನು ಕೆತ್ತಿದ್ದಾರೆ. ನೋಡಿದರೆ ಮೈ ಜುಮ್ ಅನ್ನುತ್ತದೆ. ಆ ಪಣ ಸರಿಯೋ ತಪ್ಪೋ, ಅದು ಇನ್ನೊಂದು ಎಪಿಸೋಡು. ಆದರೆ ಅಲ್ಲಿ ಯಾವ ಗೆರೆಯೂ ‘ಚೆನ್ನಾಗಿ ಕಾಣಲಿ’ ಅಂತ ಕೆತ್ತಿದ್ದಲ್ಲ.

ಹಲ್ಮಿಡಿಯೂ ನಮ್ಮ ಬೇಲೂರು ತಾಲೂಕೇ. ಸುಮಾರು 450ನೇ ಇಸವಿಯ ಶಾಸನ. ಯುದ್ಧದಲ್ಲಿ ಶೌರ್ಯ ತೋರಿದವನಿಗೆ ಊರು ಕೊಟ್ಟ ಕಥೆ. ಕಲ್ಲಿನ ತಲೆಯಲ್ಲಿ ವಿಷ್ಣುಚಕ್ರ, ಬರಹ ಶುರುವಾಗುವುದೂ ವಿಷ್ಣುವಿನ ಸ್ತುತಿಯಿಂದ. ಚಿತ್ರ ಒಂದು ಹೇಳಿ ಬರಹ ಇನ್ನೊಂದು ಹೇಳಲಿಲ್ಲ. ಅವತ್ತೇ ಗೊತ್ತಿತ್ತು. ನಮಗೆ ಇವತ್ತು ಗೊತ್ತಿಲ್ಲ.

‘ಸರ್ಕಾರಿ ಪತ್ರದಲ್ಲಿ ಲಾಂಛನ ಮೇಲೇ ಇರುತ್ತದಲ್ಲ, ಸಹಿ ಆಗಿದ್ದರೆ ಕೆಳಗಿರಬೇಕಿತ್ತು’ ಅಂತ ಒಬ್ಬರು. ಅದು ಲೆಟರ್‌ಹೆಡ್ಡು. ಇದು ಸ್ಮಾರಕ. ಮುಂದೆ ಹೋಗೋಣ.

‘ಮನೆಯವರಿಗೇ ಬೇಜಾರಿಲ್ಲ, ನಿಮಗೇನು?’ ನನಗೆ ಬೇಜಾರು. ಸಾಕಾ? ಚಾನೆಲ್ ನನ್ನದು.

ಸರ್ಕಾರವೇ ಹಾಕಿಸಿದ್ದರೆ ಹಾಕಿಕೊಳ್ಳಲಿ, ಸಣ್ಣದಾಗಿ, ಕೆಳಗೆ, ಸೊಂಡಿಲು ಸಮೇತ. ಊರಿನವರು ಹಾಕಿಸಿದ್ದರೆ ಹೆಸರು ದೊಡ್ಡದಾಗಿ ಕೆತ್ತಿಸಿ, ಮೇಲೆ ಸೂರ್ಯ ಚಂದ್ರ ಇಡಿ. ಅದಕ್ಕೆ ಕಾನೂನೂ ಅಡ್ಡ ಬರಲ್ಲ, ಕೆತ್ತೋದೂ ಸುಲಭ. ಒಂದು ದುಂಡಗೆ, ಒಂದು ಅರ್ಧ. ಅದನ್ನೂ ತಪ್ಪಾಗಿ ಕೆತ್ತುತ್ತಾರೆ ಅಂತ ನನಗೆ ಗ್ಯಾರಂಟಿ ಇದೆ ಬಿಡಿ.

ಇನ್ನೊಂದು ಸಲ ‘ಬರೀ ಡಿಸೈನ್’ ಅಂತ ಬರೆದರೆ ಬ್ಲಾಕ್ ಮಾಡುತ್ತೇನೆ. ಇಲ್ಲ, ಮಾಡಲ್ಲ, ಕಾಮೆಂಟ್ ಬಂದರೆ ವ್ಯೂಸ್ ಬರುತ್ತೆ. ಬರೀರಿ. ನಿಮ್ಮೂರಿನ ಫಲಕದ ಫೋಟೋ ಕಳಿಸಿ, ಮುಂದಿನ ವಾರ ಒಂದೊಂದಾಗಿ ಬೈಯೋಣ. ಎರಡೂ ತಲೆ ಕಾಣೋ ಹಾಗೆ ತೆಗೀರಿ. ಬೆರಳು ಅಡ್ಡ ಇಡಬೇಡಿ.