ಗುಲಾಬಿಯ ಎಲೆ ಮೇಲಿನ ಕಪ್ಪು ಚುಕ್ಕೆ

ಕೇಳುಗರಿಗೆಲ್ಲ ನಮಸ್ಕಾರ.

ಗುಲಾಬಿ ಬೆಳೆಸಿದವರಿಗೆ ಈ ನೋಟ ಹೊಸದಲ್ಲ. ನಾಲ್ಕು ದಿನ ಜಿಟಿಜಿಟಿ ಮಳೆ ಹಿಡಿದು ಬಿಟ್ಟಿರುತ್ತದೆ. ವಾರ ಕಳೆಯುವಷ್ಟರಲ್ಲಿ ಬುಡದ ಕಡೆಯ ಎಲೆಗಳ ಮೇಲೆ ಕಪ್ಪು ಚುಕ್ಕೆ. ಅಂಥ ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದು ನೋಡಿ. ಚುಕ್ಕೆಯ ಅಂಚು ದುಂಡಗೆ ಕತ್ತರಿಸಿದ ಹಾಗಿರುವುದಿಲ್ಲ. ಒದ್ದೆ ಕಾಗದದ ಮೇಲೆ ಶಾಯಿ ಬಿದ್ದಂತೆ ಎಳೆಎಳೆಯಾಗಿ ಹರಡಿರುತ್ತದೆ. ಆಮೇಲೆ ಸುತ್ತಲೂ ಹಳದಿಯಾಗಿ, ಮುಟ್ಟಿದರೆ ಸಾಕು, ಎಲೆ ಕೈಗೇ ಬಂದುಬಿಡುತ್ತದೆ. ಇದು ಡಿಪ್ಲೊಕಾರ್ಪನ್ ರೋಸೇ ಎಂಬ ಶಿಲೀಂಧ್ರದ ಕೆಲಸ.

ನಾನು ಹಿಂದೆ ದಿನಾ ಸಂಜೆ ಪೈಪು ಹಿಡಿದು ಗಿಡಕ್ಕೆ ತಲೆಸ್ನಾನ ಮಾಡಿಸುತ್ತಿದ್ದೆ. ಎಲೆಯ ಧೂಳು ಹೋಯಿತಲ್ಲ ಅಂತ ಖುಷಿ ಬೇರೆ! ಈ ಶಿಲೀಂಧ್ರದ ಬೀಜಕಣ ಎಲೆಯೊಳಗೆ ಬೇರೂರಲು ಎಲೆ ಸುಮಾರು 7 ಗಂಟೆಯಾದರೂ ಒದ್ದೆಯಾಗಿರಬೇಕು. ಸಂಜೆ ನೆನೆಸಿದ ಎಲೆ ಬೆಳಗಿನವರೆಗೂ ಆರುವುದಿಲ್ಲ. ಅಂದರೆ ರೋಗಕ್ಕೆ ನಾನೇ ಹಾಸಿಗೆ ಹಾಸಿಕೊಡುತ್ತಿದ್ದೆ. ಬೆಳಿಗ್ಗೆ, ಬುಡಕ್ಕೆ ಮಾತ್ರ ನೀರು ಹಾಕಿ. ಒತ್ತೊತ್ತಾದ ಕೊಂಬೆಗಳನ್ನು ಸವರಿ, ಗಿಡದ ನಡುವೆ ಗಾಳಿಯಾಡಲು ಬಿಡಿ.

ಇನ್ನು ಉದುರಿದ ಎಲೆ. ಅದು ಸತ್ತರೂ ರೋಗ ಸತ್ತಿರುವುದಿಲ್ಲ. ನೆಲಕ್ಕೆ ಬಿದ್ದ ಮಳೆಹನಿ ಚಿಮ್ಮಿದಾಗ ಬೀಜಕಣಗಳೂ ಜೊತೆಗೇ ಚಿಮ್ಮಿ ಕೆಳಗಿನ ಎಲೆಗೆ ಅಂಟುತ್ತವೆ. ಅಲ್ಲಿಂದ ಮೇಲೆ ಹತ್ತುತ್ತವೆ. ಉದುರಿದ್ದನ್ನು ಆರಿಸಿ ದೂರ ಹಾಕಿ, ಗೊಬ್ಬರದ ಗುಂಡಿಗೆ ಬೇಡ. ಆದರೆ ಚುಕ್ಕೆ ಕಂಡಿತೆಂದು ಒಂದೇ ದಿನ ಗಿಡವನ್ನು ಬೋಳಿಸಿಬಿಡಬೇಡಿ. ಅರೆಹಸಿರು ಎಲೆಯೂ ಗಿಡಕ್ಕೆ ಅನ್ನ ಬೇಯಿಸುತ್ತಿರುತ್ತದೆ.

ಔಷಧಿ ಕೊನೆಯ ಮಾತು. ಚುಕ್ಕೆ ಬಿದ್ದ ಎಲೆಯನ್ನು ಯಾವ ಔಷಧಿಯೂ ಮತ್ತೆ ಹಸಿರು ಮಾಡುವುದಿಲ್ಲ. ಅದು ಕಾಯುವುದು ಹೊಸ ಎಲೆಯನ್ನು. ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕವಾದರೆ ಸಾಮಾನ್ಯವಾಗಿ ಲೀಟರ್ ನೀರಿಗೆ 2 ಗ್ರಾಂ. ಆದರೂ ಪೊಟ್ಟಣದ ಮೇಲೆ ಬರೆದದ್ದನ್ನು ಓದಿಯೇ ಬೆರೆಸಿ. ಕೈಗವಸು ಹಾಕಿ, ಮೂಗು ಮುಚ್ಚಿಕೊಂಡು, ಬಿಸಿಲೇರುವ ಮುಂಚೆ ಎಲೆಯ ಅಡಿಗೂ ತಾಗುವಂತೆ ಸಿಂಪಡಿಸಿ. ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ದ್ರಾಕ್ಷಿಯಲ್ಲಿ 1880ರ ದಶಕದಿಂದ ಹೆಸರು ಮಾಡಿದ್ದು. ಗುಲಾಬಿಯ ಎಳೆ ಚಿಗುರು ಅದಕ್ಕೆ ಸುಡುವುದುಂಟು. ಮೊದಲು ಒಂದು ಕೊಂಬೆಗೆ ಹೊಡೆದು ನೋಡಿ.

ಎಲೆ ಮೇಲೆ ಕಾಣುತ್ತಿರುವುದು ಕಪ್ಪು ಚುಕ್ಕೆಯಲ್ಲ, ಬಿಳಿ ಹಿಟ್ಟು ಉದುರಿಸಿದ ಹಾಗಿದೆ ಎನ್ನುತ್ತೀರಾ? ಅದು ಬೂದಿ ರೋಗ. ಅದಕ್ಕೆ ಎಲೆ ಒದ್ದೆಯಾಗಬೇಕೆಂದೇ ಇಲ್ಲ. ಅದರ ಲೆಕ್ಕವೇ ಬೇರೆ.

ಸೋಂಕು ತಗುಲಿದ 3ರಿಂದ 10 ದಿನಗಳಲ್ಲಿ ಚುಕ್ಕೆ ಕಾಣಬೇಕು. ಹೊಸ ಚಿಗುರು ಎರಡು ವಾರ ಶುಭ್ರವಾಗಿಯೇ ಇದ್ದು, ಮಳೆಯೂ ಬಿಟ್ಟಿದ್ದರೆ ಸಿಂಪಡಣೆ ನಿಲ್ಲಿಸಿ. ನೆಲದ ಎಲೆ ಆರಿಸುವುದನ್ನು ಮಾತ್ರ ನಿಲ್ಲಿಸಬೇಡಿ. ನಮಸ್ಕಾರ.