ಎಲ್‌ಕೆಜಿ ಕೂಸಿನ ಕೈಗೆ ಅಷ್ಟು ಅವಸರದಾಗ ಪೆನ್ಸಿಲ್ ಯಾಕ?

ನಮಸ್ಕಾರ್ರಿ. ವಿಜಯಪುರ, ಬಾಗಲಕೋಟಿ, ಬೆಳಗಾವಿ, ಯಾವ ಊರ ತಗೋರಿ, ಎಲ್‌ಕೆಜಿ ಹುಡುಗರ ಪಾಟಿಚೀಲದಾಗ ನಾಕು ಗೆರಿ ನೋಟ್‌ಬುಕ್ ಇದ್ದೇ ಇರ್ತೈತಿ. ಮೂರೂವರಿ, ನಾಕು ವರ್ಷದ ಕೂಸು ಮನಿಗೆ ಬಂದು ಒಂದು ಪುಟ ‘ಎ’, ಒಂದು ಪುಟ ‘ಬಿ’ ಬರೀಬೇಕು. ಎರಡು ಸಾಲು ಆಗೂದ್ರಾಗ ಪೆನ್ಸಿಲ್ ಕಚ್ಚತೈತಿ, ಕುರ್ಚಿ ಮ್ಯಾಲ ಮೊಣಕಾಲೂರಿ ನಿಲ್ತೈತಿ, ಆಮ್ಯಾಲ ಇಳದು ಓಡ್ತೈತಿ. ‘ಇವಂಗ ಲಕ್ಷ್ಯನ ಇಲ್ಲ’ ಅಂತಾಳ ಅವ್ವ. ಅಕ್ಕೋರೂ ಡೈರಿಯಾಗ ಅದನ್ನ ಬರದು ಕಳಸ್ತಾರ.

ನಾ ಹೇಳೂದು ಬ್ಯಾರೆ. ಬಾಳ ಸಲ ಆ ಕೂಸಿಗೆ ಲಕ್ಷ್ಯ ಇರ್ತೈತ್ರಿ. ನೆಟ್ಟಗ ಕುಂದ್ರೂದಕ್ಕ, ಪೆನ್ಸಿಲ್ ಜಾರದಂಗ ಹಿಡಿಯೂದಕ್ಕ ಅದೆಲ್ಲಾ ಖರ್ಚಾಗಿ ಹೋಗಿರ್ತೈತಿ, ಅಕ್ಷರಕ್ಕ ಏನೂ ಉಳದಿರೂದಿಲ್ಲ.

ವಾಟ್ಸಾಪ್‌ನಾಗ ಒಂದು ಎಕ್ಸ್‌ರೇ ಫೋಟೋ ಓಡಾಡ್ತಿರ್ತೈತಿ: ಸಣ್ಣ ಕೂಸಿನ ಮಣಿಕಟ್ಟಿನಾಗ ಎಲವೇ ಇಲ್ಲ, ಹ್ಯಾಂಗ ಬರೀತೈತಿ ಅಂತ. ಅದು ಅರ್ಧ ಖರೆ. ಮಣಿಕಟ್ಟಿನ 8 ಸಣ್ಣ ಎಲವು ಹುಟ್ಟಿದಾಗ ಮೃದ್ವಸ್ಥಿ, ಅಂದ್ರ ಎಕ್ಸ್‌ರೇದಾಗ ಕಾಣದ ಮೆತ್ತನ ಎಲವು, ಆಗಿರ್ತಾವ; ಏಳು ಎಲವು ಕಾಣಾಕ ಸುಮಾರು 6 ವರ್ಷ ಹಿಡಿತೈತಿ, ಎಂಟನೇದಕ್ಕ 8ರಿಂದ 12. ಆದ್ರ ಬರಿಯಾಕ ಆಗದಿರೂದಕ್ಕ ಎಲವೊಂದೇ ಕಾರಣ ಅಲ್ಲ. ಹಿಡತ ಭುಜದಿಂದ ಬೆರಳಿಗೆ ಇಳದು ಬರ್ತೈತಿ. ಒಂದೂವರಿ ವರ್ಷಕ್ಕ ಕೂಸು ಮುಷ್ಟಿಯಾಗ ಹಿಡದು ಇಡೀ ತೋಳು ಆಡಸ್ತೈತಿ. ಮೂರಕ್ಕ ಬೆರಳಿಲೆ ಹಿಡಿತೈತಿ, ಆದ್ರ ಮಣಿಕಟ್ಟು ಆಡಸ್ತೈತಿ. ಹೆಬ್ಬಟ್ಟು, ತೋರಬೆರಳು, ನಡುಬೆರಳು ಕೂಡಿ ಬೆರಳಷ್ಟೇ ಆಡಿಸಿ ಬರಿಯೂದು ನಾಕೂವರಿಯಿಂದ ಆರರ ನಡುವ. ಅದಕ್ಕೂ ಮುಂಚೆ ದಿನಾ ಪುಟ ತುಂಬಿಸಿದ್ರ ಕೂಸು ಹೆಬ್ಬಟ್ಟನ್ನ ಪೆನ್ಸಿಲ್ ಮ್ಯಾಲ ಸುತ್ತಿ ಬಿಗಿ ಹಿಡಿಯೂದು ಕಲೀತೈತಿ, ಎರಡನೇತ್ತಾ ಹೊತ್ತಿಗೆ ಅದನ್ನ ಬಿಡಸೂದು ಕಷ್ಟ.

ಇನ್ನ ಆಕಾರ. ವೃತ್ತ ತಗಿಯಾಕ 3 ವರ್ಷ, ಕೂಡಿಸೂ ಚಿಹ್ನೆಗೆ 4, ಚೌಕಕ್ಕ ನಾಕೂವರಿ, ತ್ರಿಕೋನಕ್ಕ 5. ಓರೆ ಗೆರಿ ಎಲ್ಲಾಕ್ಕಿಂತ ಕಡೀಕ ಬರ್ತೈತಿ. ಈಗ ಇಂಗ್ಲಿಷ್ ದೊಡ್ಡ ‘ಎ’ ನೋಡ್ರಿ, ಎರಡೂ ಕಾಲು ಓರೆ. ಕೆ, ಎಮ್, ಎನ್, ವಿ, ಡಬ್ಲ್ಯೂ, ಎಕ್ಸ್ ಎಲ್ಲಾ ಅಂಥವ. ನಾಕು ವರ್ಷದ ಕೈಗೆ ಮೊದಲ ದಿನಾನ ಅತಿ ತ್ರಾಸಿನ ಅಕ್ಷರ ಕೊಡ್ತೀವಿ. ಕನ್ನಡದಾಗ ದುಂಡು ಜಾಸ್ತಿ, ಆದ್ರೂ ‘ಅ’ ದಿಂದ ಸುರು ಮಾಡಿದ್ರ ಸುರುಳಿಯೊಳಗ ಸುರುಳಿ. ನಮ್ಮ ಸರಕಾರಿ ಸಾಲಿ ಒಂದನೇತ್ತಾದಾಗ ಅಕ್ಷರದ ಕ್ರಮ ರ, ಗ, ಸ, ದ, ಅ ಅಂತ ಐತಿ, ‘ಅ’ ಐದನೇದು. 1995ರಾಗ ಎಚ್.ಡಿ. ಕೋಟಿಯಾಗ ಸುರು ಆದ, ಆಡಕೋತ ಕಲಿಸೂ ನಲಿ-ಕಲಿ ಪದ್ಧತಿ ಬಗ್ಗೆ ಏನರ ತಕರಾರಿರಲಿ, ಈ ವಿಚಾರದಾಗ ಫೀಸಿನ ಸಾಲಿಗಿಂತ ನಮ್ಮ ಸರಕಾರಿ ಸಾಲಿ ಶಾಣ್ಯಾ.

ಮೈಗೂ ಲಕ್ಷ್ಯಕ್ಕೂ ನಂಟೇನು? ಏಡೆಲ್ ಡೈಮಂಡ್ ಅನ್ನೂ ವಿಜ್ಞಾನಿ 2000ದಾಗ ಇದನ್ನ ವಿವರಿಸಿದ್ರು. ಚಲನೆ ನೋಡಕೊಳ್ಳೂ ಹಿಂಭಾಗದ ಕಿರುಮಿದುಳು, ಲಕ್ಷ್ಯ ನಡಸೂ ಮಿದುಳಿನ ಮುಂಭಾಗ ಎರಡೂ ಜೋಡಿಯಾಗಿ ಕೆಲಸ ಮಾಡ್ತಾವ, ಅದರಾಗೂ ಕೆಲಸ ಹೊಸಾದು, ಕಷ್ಟದ್ದು ಇದ್ದಾಗ. ರೂಢಿ ಆದ ಚಲನೆಗೆ ಲಕ್ಷ್ಯ ಬೇಕಾಗೂದಿಲ್ಲ. ಬರವಣಿಗಿ ರೂಢಿ ಆಗದ ಹುಡುಗ ಬೋರ್ಡ್ ನೋಡಿ ‘ವಿಜಯಪುರ’ ಬರಿಯೂದ್ರಾಗ ‘ವಿ’ ಬರದು ತಲಿ ಎತ್ತತಾನ, ‘ಜ’ ಬರದು ತಲಿ ಎತ್ತತಾನ. ವಾಕ್ಯದ ಅರ್ಥ ಅಷ್ಟರಾಗ ಹಾರಿ ಹೋಗಿರ್ತೈತಿ.

ಹಂಗಂತ ಬರಸೂದ ಬ್ಯಾಡ ಅನ್ನೂದು ತಪ್ಪು. 2012ರಾಗ ಕರಿನ್ ಜೇಮ್ಸ್, ಲಾರಾ ಎಂಗಲ್‌ಹಾರ್ಟ್ ಅನ್ನೂವರು ಓದಾಕ ಬರದ ಐದು ವರ್ಷದ ಮಕ್ಕಳ ಮಿದುಳು ಸ್ಕ್ಯಾನ್ ಮಾಡಿ ನೋಡಿದ್ರು. ಸ್ವಂತ ಕೈಯಿಂದ ಬರದ ಅಕ್ಷರ ನೋಡಿದಾಗ ಓದಿಗೆ ಬೇಕಾಗೂ ಭಾಗಗಳು ಎಚ್ಚರಾದ್ವು. ಟೈಪ್ ಮಾಡಿದ್ದಕ್ಕ ಹಂಗ ಆಗ್ಲಿಲ್ಲ, ಗೆರಿ ಮ್ಯಾಲ ಗೆರಿ ತಿದ್ದಿದ್ದಕ್ಕೂ ಆಗ್ಲಿಲ್ಲ. ಅಂದ್ರ ನಾವು ರೊಕ್ಕ ಕೊಟ್ಟು ತರೂ ಚುಕ್ಕಿ ಕೂಡಿಸೂ ಪುಸ್ತಕದ ಮ್ಯಾಲ ಬಾಳ ನಂಬಿಕಿ ಬ್ಯಾಡ. ಕೂಸು ವಾಂಕಡಿ ತಗದ್ರೂ ತಾನ ತಗೀಲಿ.

ಮನ್ಯಾಗ ಏನ ಮಾಡಬೇಕು? ಮೊದಲು ಕುರ್ಚಿ. ಊಟದ ಕುರ್ಚಿ ನೆಲದಿಂದ ಒಂದೂವರಿ ಫೂಟು, ನಾಕು ವರ್ಷದ ಕೂಸಿನ ಮೊಣಕಾಲ ಕೆಳಗಿನ ಉದ್ದ ಒಂದು ಫೂಟೂ ಇರೂದಿಲ್ಲ. ಕಾಲು ಜೋತಾಡಿದ್ರ ಸೊಂಟ ನಿಲ್ಲೂದಿಲ್ಲ, ಸೊಂಟ ನಿಲ್ಲದಿದ್ರ ಎಡಗೈ ತಲಿಗೆ ಆಸರ ಆಗ್ತೈತಿ, ಹಾಳಿ ಹಿಡಿಯಾಕ ಕೈ ಉಳಿಯೂದಿಲ್ಲ. ಕಾಲ ಕೆಳಗ ಕಟಗಿ ಮಣಿ ಇಡ್ರಿ. ಇಲ್ಲಂದ್ರ ನೆಲದ ಮ್ಯಾಲ ಚಕ್ಕಂಬಕ್ಕಳ ಹಾಕಿ ಕುಂದ್ರಿಸಿ, ಮುಂದ ಅಡತಿ ಅಂಗಡಿಯಾಗಿನಂಥ ಇಳಿಜಾರ ಡೆಸ್ಕ್ ಇಡ್ರಿ. ಎರಡನೇದು ಗೋಡಿ. ಕೂಸಿನ ಭುಜದೆತ್ತರಕ್ಕ ಒಂದು ಪಾಟಿ ತೂಗ ಹಾಕ್ರಿ; ನೆಟ್ಟಗಿನ ಮ್ಯಾಲ ಬರದ್ರ ಮಣಿಕಟ್ಟು ತಾನ ಹಿಂದಕ್ಕ ಬಾಗಿ ಸರಿ ಹದಕ್ಕ ಬರ್ತೈತಿ, ಭುಜಾನೂ ಗಟ್ಟಿ ಆಗ್ತೈತಿ. ಬಳಪ ಒಂದ ಇಂಚಿನ ತುಂಡು ಕೊಡ್ರಿ. ಉದ್ದಂದು ಮುಷ್ಟಿಯಾಗ ಹೋಗ್ತೈತಿ, ತುಂಡಿಗೆ ಮೂರ ಬೆರಳಷ್ಟೇ ಜಾಗ.

ಮಣ್ಣೆತ್ತಿನ ಅಮಾಸಿ ಸಾಲಿ ಸುರುವಾಗೂ ದಿನಮಾನದಾಗ ಬರ್ತೈತಿ, ನಾವು ಪ್ಯಾಟಿಯಿಂದ ಎತ್ತಿನ ಜೋಡಿ ತಂದು ಕೈ ತೊಳಕೊಳ್ತೀವಿ. ಎರಿಮಣ್ಣು ತಂದು ಕೂಸಿಗೇ ಕೊಡ್ರಿ. ಹಳ್ಳು ಆರಿಸಿ, ನೀರು ಹಾಕಿ ಕೈಗೆ ಅಂಟದಷ್ಟು ಗಟ್ಟಿ ನಾದಬೇಕು. ನೀರು ಹೆಚ್ಚಾದ್ರ ಕಾಲು ಕುಸೀತಾವ, ಕಡಿಮಿ ಆದ್ರ ಸೀಳ್ತಾವ. ಮೈ ಹೊಸಿಯಾಕ ಎರಡೂ ಅಂಗೈ, ಕೋಡು ಎಳಿಯಾಕ ಹೆಬ್ಬಟ್ಟು ತೋರಬೆರಳು, ಕಣ್ಣಿಗೆ ಜೋಳದ ಕಾಳು ಒತ್ತಾಕ ಒಂದ ಬೆರಳು. ಉಳದ ದಿನ ಗೋಧಿ ಕಣಕ ಸಾಕು: ಮೂರ ಬೆರಳಿನಾಗಷ್ಟೇ ಶೇಂಗಾ ಕಾಳಿನಷ್ಟು 10 ಉಂಡಿ. ಜೋಳದ ಹಿಟ್ಟು ಹರೀತೈತಿ, ಸಣ್ಣವರಿಗೆ ಬ್ಯಾಸರ ಬರ್ತೈತಿ. ಬತ್ತಿ ಹೊಸಿಯೂದು, ಗವಲಿ ಮಾಡೂದು, ಶೇಂಗಾ ಸುಲಿಯೂದು ಎಲ್ಲಾ ನಡೀತೈತಿ. ಐದರೊಳಗಿನ ಕೂಸು ಶೇಂಗಾ ಸುಲಿಯೂ ಮುಂದ ಎದುರಿಗೇ ಕುಂದರ್ರಿ, ಇಡೀ ಕಾಳು ಗಂಟಲಾಗ ಸಿಗ್ತೈತಿ.

ಇಲ್ಲೊಂದು ಎಚ್ಚರಿಕಿ. ಕಣಕ ನಾದಿದ್ರ ಅಕ್ಷರ ದುಂಡಗ ಆಗೂದಿಲ್ರಿ. ಅದು ಕೈ ತಯಾರು ಮಾಡ್ತೈತಿ ಅಷ್ಟ. ಆರು ದಾಟಿದ ಹುಡುಗನ ಬರಹ ಸುಧಾರಿಸಬೇಕಂದ್ರ ಬರಸಾಕ ಬೇಕು: ದಿನಕ್ಕ 10 ನಿಮಿಷ, ಒಂದೇ ಥರ ತಿರುಗೂ ಎರಡು ಮೂರು ಅಕ್ಷರ, ಎಲ್ಲಿ ಸುರು ಎಲ್ಲಿ ಮುಗೀತೈತಿ ಅಂತ ತೋರಿಸಿ, ಆಮ್ಯಾಲ ನೋಡದ ಬರಸೂದು. ಭಾಳ ಒತ್ತಿ ಬರಿಯೂ ಹುಡುಗಗ ಹಾಳಿ ಕೆಳಗ ಮಡಚಿದ ಟವೆಲ್ ಹಾಕ್ರಿ. ಒತ್ತಿದ್ರ ಹಾಳಿ ತೂತು ಬೀಳ್ತೈತಿ, ತಾನ ಹಗರ ಮಾಡ್ತಾನ. ಇನ್ನ ಕಣ್ಣಿಗೆ ಬಟ್ಟಿ ಕಟ್ಟಿ ಓದಸ್ತೀವಿ, ‘ಮಿಡ್‌ಬ್ರೇನ್ ಆಕ್ಟಿವೇಶನ್’ ಅಂತ ಸಾವಿರಗಟ್ಟಲೆ ತಗೊಳ್ಳೂವರ ಹತ್ರ ಮಾತ್ರ ಹೋಗಬ್ಯಾಡ್ರಿ. ಅದು ಶುದ್ಧ ಸುಳ್ಳು.

ಸಾಲಿಯವರಿಗೆ ಒಂದ ಮಾತು ಕೇಳ್ರಿ: ಪಿಟಿ ಪೀರಿಯಡ್ ಗಣಿತಕ್ಕ ಹೋಗೈತೇನು? 5ರಿಂದ 17 ವರ್ಷದವರಿಗೆ ದಿನಕ್ಕ ಸರಾಸರಿ 60 ನಿಮಿಷ ಮೈ ಬೆವರೂ ಆಟ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತೈತಿ. ಮೂರು ನಾಕು ವರ್ಷದವರಿಗಂತೂ ಓಡಾಟ ಎಲ್ಲಾ ಸೇರಿ 180 ನಿಮಿಷ. ಕುಂಟಾಟ, ಲಗೋರಿ, ಪಂಚಮಿ ಜೋಕಾಲಿ ಇದ್ದಲ್ಲಿ ಇದು ಲೆಕ್ಕ ಇಡದ ಆಗ್ತಿತ್ತು.

ಇಷ್ಟೆಲ್ಲಾ ಮಾಡಿದ್ರೂ ಕೆಲವರಿಗೆ ಆಗೂದಿಲ್ಲ. ಸಾಲಿ ವಯಸ್ಸಿನ 100 ಮಕ್ಕಳೊಳಗ ಐದಾರು ಮಂದಿಗೆ ಚಲನೆ ಜೋಡಿಸೂದ್ರಾಗ ಹುಟ್ಟಾ ತೊಂದರಿ ಇರ್ತೈತಿ, ಅವರಾಗ ಬಾಳ ಮಂದಿಗೆ ಲಕ್ಷ್ಯದ ತೊಂದರಿನೂ ಕೂಡಿರ್ತೈತಿ. ಅದು ಆಲಸ್ಯ ಅಲ್ಲ, ಹೊಡತಕ್ಕ ಹೋಗೂದಿಲ್ಲ. ಐದು ತುಂಬಿದ್ರೂ ಒಂದ ಕಾಲ ಮ್ಯಾಲ ಮೂರ್ನಾಕು ಸೆಕೆಂಡ್ ನಿಲ್ಲೂದಿಲ್ಲ, ಕುಂಟಾಕ ಬರೂದಿಲ್ಲ, ಗುಂಡಿ ಹಾಕೊಳ್ಳಾಕ ಬರೂದಿಲ್ಲ ಅಂದ್ರ ತೋರಿಸ್ರಿ. ಒಂದು ವರ್ಷದೊಳಗ ಕೂಸು ಒಂದೇ ಕೈ ಬಳಸಾಕ ಹತ್ತಿದ್ರ ‘ಎಡಚ’ ಅಂತ ನಕ್ಕು ಬಿಡಬ್ಯಾಡ್ರಿ, ಇನ್ನೊಂದು ಕೈಯಾಗ ಶಕ್ತಿ ಕಡಿಮಿ ಇರಬಹುದು. ಹದಿನೆಂಟು ತಿಂಗಳಾದ್ರೂ ನಡಿಯದಿದ್ರ, ಬರ್ತಿದ್ದದ್ದು ಮರತ್ರ, ತಡ ಮಾಡಬ್ಯಾಡ್ರಿ. ಮೊದಲು ಕಣ್ಣು, ಕಿವಿ ಪರೀಕ್ಷಾ ಮಾಡಸ್ರಿ. ಬೋರ್ಡ್ ಕಾಣದ ಹುಡುಗನೂ ಲಕ್ಷ್ಯ ಇಲ್ಲದವನಂಗ ಕಾಣ್ತಾನ. 2013ರಿಂದ ನಡದಿರೂ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಮಕ್ಕಳ ತಪಾಸಣಿ ಮಾಡಾಕ ಅಂಗನವಾಡಿಗೆ, ಸರಕಾರಿ ಸಾಲಿಗೆ ಬರ್ತೈತಿ. ಅವರು ಬರೂ ತನಕ ಕಾಯೂದೂ ಬ್ಯಾಡ, ಆಶಾ ಕಾರ್ಯಕರ್ತೆಗೆ ಕೇಳಿ, ಜಿಲ್ಲಾ ಆಸ್ಪತ್ರಿಯ ಮಕ್ಕಳ ವಿಭಾಗಕ್ಕ ಸೀದಾ ಹೋಗ್ರಿ. ಹೋಗೂವಾಗ ಕೂಸಿನ ನೋಟ್‌ಬುಕ್ಕೂ ಒಯ್ರಿ, ಚೊಲೋ ಪುಟ ಅಲ್ಲ, ಅತಿ ಕೆಟ್ಟ ಪುಟ.