ಎಲೆಗೆ ಎಷ್ಟು ಎಂದು ಕೇಳುವವರಿಗೆ

ಕೇಳುಗರಿಗೆ ನಮಸ್ಕಾರ.

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ನಮ್ಮ ಪಕ್ಕದ ಕಟ್ಟಡದಲ್ಲಿರುವ ದಂಪತಿ ಉಡುಪಿ ಕಡೆಯವರು. ನಾಮಕರಣ, ಸತ್ಯನಾರಾಯಣ ಪೂಜೆ, ಗೃಹಪ್ರವೇಶಗಳಿಗೆ ಅಡುಗೆ ಮಾಡಿಕೊಡುತ್ತಾರೆ. ಅವರ ಸಾರಿನ ರುಚಿ ಉಂಡವರಿಗೆ ಗೊತ್ತು. ಉಣ್ಣದವರಿಗೂ ಗೊತ್ತಾಗಲಿ ಎಂದು ಒಂದು ಜಾಲತಾಣ ಮಾಡಿಸಿದರು. ಚಿತ್ರಗಳನ್ನು ಜೋಡಿಸಿಕೊಟ್ಟ ಹುಡುಗ ಬರಹದ ಜಾಗವನ್ನು ಖಾಲಿ ಬಿಟ್ಟಿದ್ದ. ಅಲ್ಲಿ ಅವರು ಬರೆದದ್ದು ಹೀಗಿತ್ತು: "ಗುಣಮಟ್ಟವೇ ನಮ್ಮ ಧ್ಯೇಯ. ಗ್ರಾಹಕರ ಸಂತೃಪ್ತಿಯೇ ನಮ್ಮ ಗುರಿ. ಸಾಂಪ್ರದಾಯಿಕ ರುಚಿ, ಆಧುನಿಕ ಸೇವೆ."

ರುಚಿ ಎಂಬ ಒಂದು ಪದ ತೆಗೆದರೆ ಇದನ್ನು ನೀರಿನ ಟ್ಯಾಂಕ್ ತೊಳೆಯುವವರೂ ಹಾಕಿಕೊಳ್ಳಬಹುದು.

"ಸ್ವಲ್ಪ ಚೆಂದ ಮಾಡಿಕೊಡಿ ಅಣ್ಣ" ಎಂದರು. ಚೆಂದ ಮಾಡುವ ಗೋಜಿಗೆ ಹೋಗದೆ, ಒಂದು ಭಾನುವಾರ ಸಂಜೆ ಅವರ ಮನೆಗೆ ಹೋಗಿ ಫೋನಿನ ಪಕ್ಕ ಕುಳಿತೆ. ಕರೆ ಮಾಡಿದವರು ಕೇಳಿದ್ದನ್ನೆಲ್ಲ ಬರೆದುಕೊಂಡೆ. ಎಲೆಗೆ, ಅಂದರೆ ಒಬ್ಬರ ಊಟಕ್ಕೆ, ಎಷ್ಟು? ಮೂವತ್ತೇ ಜನ, ಮಾಡಿಕೊಡುತ್ತೀರಾ? ಈರುಳ್ಳಿ ಬೆಳ್ಳುಳ್ಳಿ ಹಾಕದೆ ಆಗುತ್ತದೆಯೇ? ಬಡಿಸಲು ಜನ ಬರುತ್ತಾರೋ, ನಾವೇ ಬಡಿಸಿಕೊಳ್ಳಬೇಕೋ? ಬಾಳೆಎಲೆ ಯಾರು ತರಬೇಕು? ಪನವೇಲ್‌ವರೆಗೆ ಬರುತ್ತೀರಾ? ಮುಂಗಡ ಎಷ್ಟು ಕೊಡಬೇಕು? ನಿಮ್ಮ ಧ್ಯೇಯವೇನು ಎಂದು ಒಬ್ಬರೂ ಕೇಳಲಿಲ್ಲ.

ಆ ಪಟ್ಟಿಗೆ ಉತ್ತರ ಬರೆದರೆ ಜಾಲತಾಣದ ಬರಹದ ಮುಕ್ಕಾಲು ಪಾಲು ಮುಗಿಯಿತು. ಇದೇನೂ ಹೊಸ ವಿದ್ಯೆಯಲ್ಲ. ಮುಂಬಯಿಯ ನಮ್ಮ ಉಡುಪಿ ಹೋಟೆಲುಗಳ ಗಲ್ಲೆಯಲ್ಲಿ ಕುಳಿತವರನ್ನು ನೋಡಿ. ಬಾಗಿಲಲ್ಲಿ ನಿಂತವರಿಗೆ ಅವರು ಹೋಟೆಲಿನ ಚರಿತ್ರೆ ಹೇಳುವುದಿಲ್ಲ. "ಒಳಗೆ ಎರಡು ಜಾಗ ಇದೆ, ಹೋಗಿ. ಇಡ್ಲಿ ಮುಗಿಯಿತು, ಉಪ್ಪಿಟ್ಟು ಬಿಸಿ ಇದೆ" ಎನ್ನುತ್ತಾರೆ. ಅದೇ ಮನುಷ್ಯ ಜಾಲತಾಣಕ್ಕೆ ಬರೆಯಲು ಕುಳಿತರೆ ಮಾತ್ರ ಸನ್ಮಾನಪತ್ರದ ಭಾಷೆ ಹೊರಡುತ್ತದೆ. ಏಕೋ ಕಾಣೆ.

ಸನ್ಮಾನಪತ್ರವನ್ನು ಓದುವ ತಾಳ್ಮೆಯಂತೂ ಯಾರಿಗೂ ಇಲ್ಲ. ಜಾಲತಾಣಗಳನ್ನು ಜನ ಹೇಗೆ ಓದುತ್ತಾರೆಂದು ಯಾಕೋಬ್ ನೀಲ್ಸನ್ ಎಂಬ ತಜ್ಞರು ಪರೀಕ್ಷಿಸಿ 1997ರಲ್ಲಿ ಬರೆದಿದ್ದರು. ಹೊಸ ಪುಟ ಎದುರಾದಾಗ ನೂರಕ್ಕೆ 79 ಮಂದಿ ಕಣ್ಣಾಡಿಸಿ ಮುಂದೆ ಹೋದರು. ಪದ ಪದ ಓದಿದವರು 16 ಮಂದಿ ಮಾತ್ರ. ಆಗ ಮೇಜಿನ ಮೇಲಿನ ಕಂಪ್ಯೂಟರಿನ ಕಾಲ. ಈಗ ನಿಮ್ಮ ಗಿರಾಕಿ ಲೋಕಲ್ ರೈಲಿನಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ನಿಂತಿದ್ದಾರೆ. ಠಾಣೆ ನಿಲ್ದಾಣ ಬರುವುದರೊಳಗೆ ಅವರಿಗೆ ಉತ್ತರ ಸಿಗಬೇಕು. ಆದ್ದರಿಂದ ಮೊದಲ ಸಾಲನ್ನು ಹೀಗೆ ಬರೆದೆವು: "ಉಡುಪಿ ಕ್ರಮದ ಸಸ್ಯಾಹಾರಿ ಊಟ, 25ರಿಂದ 200 ಜನಕ್ಕೆ. ಕಲ್ಯಾಣದಿಂದ ಠಾಣೆಯವರೆಗೆ ಬರುತ್ತೇವೆ. ಬಡಿಸುವವರೂ ನಮ್ಮವರೇ."

ತಿಂಡಿಗಳ ಹೆಸರಿನ ಬಗ್ಗೆ ಮಾತ್ರ ಒಂದು ಗಂಟೆ ಚರ್ಚೆಯಾಯಿತು. ಪತ್ರೊಡೆ ಎಂದು ಬರೆದರೆ ನಮಗೆ ಬಾಯಲ್ಲಿ ನೀರು; ಪಕ್ಕದ ಮನೆಯ ಮರಾಠಿ ಕಾಕುವಿಗೆ ಏನೂ ತಿಳಿಯದು. ಅವರು ಹುಡುಕುವ ಪದ ಅಳೂವಡಿ. ಗುಜರಾತಿಗಳದು ಪಾತ್ರಾ. ಹಾಗೆಂದು ನಮ್ಮ ಹೆಸರನ್ನು ಬಿಡುವುದೇ? ಕೂಡದು ಎಂದೆ. "ಪತ್ರೊಡೆ: ಅಳೂವಡಿಯಂತೆ ಕೆಸುವಿನ ಎಲೆಯದ್ದೇ, ಆದರೆ ಕಡಲೆಹಿಟ್ಟಿನ ಬದಲು ಅರೆದ ಅಕ್ಕಿ" ಎಂದು ಸೇರಿಸಿದೆವು. ನೀರುದೋಸೆಯ ಪಕ್ಕ ಘಾವನ್ ಬಂತು. ಹಯಗ್ರೀವಕ್ಕೆ ಜೊತೆಯ ಹೆಸರು ಸಿಗಲಿಲ್ಲ. ಕಡಲೆಬೇಳೆ, ಬೆಲ್ಲ, ತೆಂಗಿನಕಾಯಿ ಎಂದು ಬಿಡಿಸಿ ಹೇಳಿದೆವು. ಗಿರಾಕಿ ಯಾವ ಪದದಿಂದ ಹುಡುಕುತ್ತಾರೋ ಆ ಪದ ಪುಟದಲ್ಲಿ ಇಲ್ಲದಿದ್ದರೆ ಗೂಗಲ್ ನಿಮ್ಮನ್ನು ತೋರಿಸುವುದು ಕಷ್ಟ.

ಬೆಲೆ ಹಾಕಲು ಗಂಡನಿಗೆ ಮನಸ್ಸಿರಲಿಲ್ಲ. ಎದುರಾಳಿ ನೋಡಿಬಿಡುತ್ತಾನೆ ಎಂಬ ಹೆದರಿಕೆ. ಎದುರಾಳಿಗೆ ಅದು ಎಂದೋ ಗೊತ್ತಿದೆ, ಗೊತ್ತಿಲ್ಲದಿರುವುದು ಗಿರಾಕಿಗೆ ಮಾತ್ರ. ಕೊನೆಗೆ "ಎಲೆಗೆ ಇಷ್ಟರಿಂದ ಆರಂಭ" ಎಂದು ಹಾಕಿ, ಯಾವ ತಿಂಗಳ ದರ ಎಂಬುದನ್ನೂ ಸೇರಿಸಲು ಒಪ್ಪಿದರು. ದೀಪಾವಳಿ ಕಳೆದರೂ ಚೌತಿಯ ಮೋದಕಕ್ಕೆ ಆರ್ಡರ್ ಕೇಳುವ ಪುಟಗಳನ್ನು ನೀವೂ ನೋಡಿರಬಹುದು. ಅಂಗಡಿ ಇದೆಯೋ ಮುಚ್ಚಿತೋ ಎಂಬ ಅನುಮಾನ ಅಲ್ಲಿಯೇ ಹುಟ್ಟುತ್ತದೆ.

ವಿಳಾಸದ ವಿಷಯದಲ್ಲಿ ಸ್ವತಃ ನಾನೇ ಎಡವಿದವನು. ಹಿಂದೊಮ್ಮೆ ಮಾಟುಂಗಾದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಸಂಬಂಧಿಕರಿಗೆ "ನಿಲ್ದಾಣದ ಸಮೀಪ" ಎಂದು ಬರೆದುಕೊಟ್ಟಿದ್ದೆ. ಯಾವ ನಿಲ್ದಾಣ? ಮಧ್ಯ ರೈಲ್ವೆಯಲ್ಲಿ ಮಾಟುಂಗಾ, ಪಶ್ಚಿಮ ರೈಲ್ವೆಯಲ್ಲಿ ಮಾಟುಂಗಾ ರೋಡ್, ಹಾರ್ಬರ್ ಮಾರ್ಗದಲ್ಲಿ ಕಿಂಗ್ಸ್ ಸರ್ಕಲ್. ಜುಲೈ ಮಳೆಯಲ್ಲಿ ಒಬ್ಬ ಹೆಂಗಸು ಮಾಟುಂಗಾ ರೋಡಿನಲ್ಲಿ ಇಳಿದು, ರವಿಕೆಯ ಬಟ್ಟೆ ಎದೆಗವಚಿಕೊಂಡು ಪೂರ್ವಕ್ಕೆ ನಡೆದು ಬಂದರಂತೆ. ಬಂದವರು ಬಟ್ಟೆ ಕೊಡುವ ಮೊದಲು ಬೈದರು. ಅಂದಿನಿಂದ ಯಾವ ಮಾರ್ಗ, ಪೂರ್ವವೋ ಪಶ್ಚಿಮವೋ, ಯಾವ ದೇವಸ್ಥಾನದ ಎದುರು, ಇಷ್ಟನ್ನೂ ಕೇಳಿಕೊಳ್ಳದೆ ವಿಳಾಸ ಬರೆಯುವುದಿಲ್ಲ.

"ಮುಂಬಯಿಯಲ್ಲೇ ನಂಬರ್ ಒಂದು" ಎಂಬ ಸಾಲನ್ನು ಅಳಿಸಿದೆವು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ ದಂಡಕ್ಕೆ ಅವಕಾಶವಿದೆ. ಡೊಂಬಿವಲಿಯ ಒಂದು ಅಡುಗೆಮನೆಯನ್ನು ಹುಡುಕಿಕೊಂಡು ಯಾರೂ ಬರಲಾರರು, ನಿಜ. ಆದರೆ ಆ ಜಾಗದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನೋಂದಣಿ ಸಂಖ್ಯೆ ಹಾಕಿದರೆ ಬೇಕಾದವರು ಪರೀಕ್ಷಿಸಿಕೊಳ್ಳಬಹುದು.

ಎಲ್ಲ ಮುಗಿದ ಮೇಲೆ ಪುಟವನ್ನು ಗಟ್ಟಿಯಾಗಿ ಓದಿಸಿದೆ. ಎಲ್ಲಿ ನಾಲಗೆ ತೊಡರಿತೋ ಅಲ್ಲಿ ವಾಕ್ಯ ತುಂಡರಿಸಿದೆ. ಕೊನೆಯಲ್ಲಿ ಹೆಂಡತಿ ಸೇರಿಸಿದ ಒಂದು ಸಾಲಿತ್ತು: "ನಿಮ್ಮ ಸೊಸೈಟಿಯ ಲಿಫ್ಟಿನಲ್ಲಿ ದೊಡ್ಡ ಪಾತ್ರೆ ಒಯ್ಯಲು ಬಿಡುವುದಿಲ್ಲವಾದರೆ ಮೊದಲೇ ತಿಳಿಸಿ." ಇದು ಜಗಳಕ್ಕೆ ಕರೆದಂತಿದೆ, ತೆಗೆಯೋಣ ಎಂದೆ. "ಅದು ಇರಲಿ ಅಣ್ಣ, ಏಳನೇ ಮಹಡಿಗೆ ಸಾಂಬಾರು ಹೊತ್ತವಳು ನಾನು" ಎಂದರು.

ಪುಟ ತೆರೆದ ಮೂರನೆಯ ದಿನ ಕಲ್ಯಾಣದಿಂದ ಕರೆ ಬಂತು. ಆ ಹಿರಿಯರು ಎಲೆಗೆ ಎಷ್ಟು ಎಂದು ಕೇಳಲಿಲ್ಲ, ಓದಿದ್ದರು. "ನಮ್ಮ ಲಿಫ್ಟ್ ಚಿಕ್ಕದು, ಆದರೆ ಕಾವಲುಗಾರನಿಗೆ ಹೇಳಿಟ್ಟಿದ್ದೇನೆ. ಇಪ್ಪತ್ತೆರಡಕ್ಕೆ ಬಿಡುವಿದೆಯೇ?" ಎಂದು ಕೇಳಿದರು.